ಚಿಕ್ಕಪ್ಪ ಆರಿಸಿದ ಪ್ರೊಜೆಕ್ಟರ್

ನಮ್ಮ ಚಿಕ್ಕಪ್ಪನಿಗೆ ಕತ್ತಲೆ ಮೇಷ್ಟ್ರು ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಊರಿನ ದೊಡ್ಡ ಸಭಾಂಗಣದಲ್ಲಿ ಪ್ರೊಜೆಕ್ಟರ್ ನಡೆಸುವುದು ಅವರ ಕೆಲಸ. ಸಿನಿಮಾ ನಡೆಯುವಾಗ ಯಾರಾದರೂ ಬಾಗಿಲು ತೆರೆದು ಬೆಳಕು ಒಳಗೆ ಬಿಟ್ಟರೆ ಸಾಕು, ಮೇಲಿನ ಕೋಣೆಯಿಂದ ದಡದಡ ಇಳಿದು ಬಂದು ಅವರ ಜನ್ಮ ಜಾಲಾಡುತ್ತಿದ್ದರು. ಒಮ್ಮೆ ಸಭಾಂಗಣ ಸಮಿತಿಯ ಅಧ್ಯಕ್ಷರ ಹೆಂಡತಿಗೇ, "ಬರೋದಾದ್ರೆ ಬನ್ನಿ, ಹೋಗೋದಾದ್ರೆ ಹೋಗಿ, ಹೊಸ್ತಿಲ ಮೇಲೆ ಸಂಸಾರ ಹೂಡಬೇಡಿ" ಅಂದಿದ್ದರು. ಮನೆಯಲ್ಲಿ ಮಾತ್ರ ಉಪ್ಪು ಕಡಿಮೆಯಾಗಿದೆ ಎಂದು ಹೇಳಲೂ ಹಿಂಜರಿಯುವ ಮನುಷ್ಯ.

ಚಿಕ್ಕಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಅವರ ಬೀದಿಯಲ್ಲಿ ಒಂದು ಸಿನಿಮಾದ ಚಿತ್ರೀಕರಣ ನಡೆದಿತ್ತು. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಇವರ ಕಡೆ ಕ್ಯಾಮೆರಾ ತಿರುಗಿತಂತೆ. ಸಿನಿಮಾ ನಮ್ಮೂರಿಗೆ ಬರಲೇ ಇಲ್ಲ. ಬೇರೆಲ್ಲೋ ನೋಡಿ ಬಂದವರೊಬ್ಬರು, "ಒಂದು ಮಾತಿಲ್ಲ, ಸದ್ದಿಲ್ಲ, ಸುಮ್ನೆ ಬಟ್ಟೆ ಹಾಕ್ತೀರಿ. ಆದ್ರೂ ಏನು ಚೆಂದ ಕಾಣ್ತೀರಿ" ಅಂದಿದ್ದರು. ಆ ಮಾತನ್ನು ಚಿಕ್ಕಮ್ಮ ಮೊದಮೊದಲು ಬೀಗಿಕೊಂಡು ಹೇಳುತ್ತಿದ್ದರು, ಬರಬರುತ್ತಾ ದೂರಿನ ಹಾಗೆ. "ಕಂಡೋರೆಲ್ಲ ನೋಡಿದ್ರು, ನಾನೊಬ್ಳು ನೋಡಲಿಲ್ಲ." ಮದುವೆಯ ಫೋಟೋದಲ್ಲೂ ತಲೆ ಬಗ್ಗಿಸಿ ನಿಂತಿದ್ದಾರೆ. ಹರೆಯದಲ್ಲಿ ತಾನು ಹೇಗಿದ್ದೆ ಎನ್ನುವುದು ಅವರಿಗೆ ಸರಿಯಾಗಿ ಗೊತ್ತೇ ಇರಲಿಲ್ಲ.

ಕೊನೆಗೂ ಆ ಸಿನಿಮಾವನ್ನು ನಮ್ಮ ಸಭಾಂಗಣದಲ್ಲೇ ತೋರಿಸುತ್ತಾರೆ ಎಂಬ ಸುದ್ದಿ ಬರುವ ಹೊತ್ತಿಗೆ ಚಿಕ್ಕಮ್ಮನ ಕಣ್ಣು ಹೋಗತೊಡಗಿತ್ತು. ಇನ್ನು ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. "ಸಣ್ಣದು ಕಾಣಲ್ಲ ರೀ, ದೊಡ್ಡದು ಕಾಣತ್ತೆ" ಎನ್ನುತ್ತಿದ್ದರು ಚಿಕ್ಕಮ್ಮ. ಚಿಕ್ಕಪ್ಪ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಆ ಪರದೆಗಿಂತ ದೊಡ್ಡದು ಊರಲ್ಲಿ ಇನ್ನೇನಿತ್ತು?

ಆದರೆ ಸಭಾಂಗಣದ ಹಳೆಯ ಪ್ರೊಜೆಕ್ಟರ್ ಕೆಟ್ಟು ಕೂತಿತ್ತು. ಮೀಟಿಂಗ್ ರೂಮಿನದನ್ನೇ ತಂದಿಟ್ಟರಾಯಿತು ಎಂದು ಸಮಿತಿಯ ಕಾರ್ಯದರ್ಶಿ ಹಟ ಹಿಡಿದರು.

"ಅದು ನಾಲ್ಕು ಜನ ಕೂರೋ ರೂಮಿಗೆ ಮಾಡಿದ್ದು," ಅಂದರು ಚಿಕ್ಕಪ್ಪ. "ಇಷ್ಟು ದೂರದಿಂದ ಆ ಪರದೆಗೆ ಹಾಕಿದ್ರೆ ಮುಖ ಯಾವ್ದು ಗೋಡೆ ಯಾವ್ದು ಗೊತ್ತಾಗಲ್ಲ."

"ಜನ ಕತೆ ನೋಡೋಕೆ ಬರ್ತಾರೆ ಮೇಷ್ಟ್ರೇ, ಬೆಳಕು ನೋಡೋಕಲ್ಲ."

ಈ ಕಾರ್ಯದರ್ಶಿಯ ಬಗ್ಗೆ ನನಗೆ ಒಳ್ಳೆಯ ಮಾತು ಬರುವುದಿಲ್ಲ, ಬಿಡಿ. ಕೊನೆಗೆ ಒಂದು ಮಧ್ಯಾಹ್ನ ಮೂರು ಪ್ರೊಜೆಕ್ಟರ್ ಇಟ್ಟು ಪರೀಕ್ಷೆ ಮಾಡುವುದು ಎಂದಾಯಿತು. ಚಿಕ್ಕಪ್ಪ ಚಿಕ್ಕಮ್ಮನನ್ನೂ ಕರೆತಂದು ಖಾಲಿ ಸಭಾಂಗಣದ ಮುಂದಿನ ಸಾಲಿನಲ್ಲಿ ಕೂರಿಸಿದರು. ಅವರ ಕೈ ಹಿಡಿದು ಪಕ್ಕದಲ್ಲಿ ನಾನು ಕೂತೆ.

ಮೊದಲು ಮೀಟಿಂಗ್ ರೂಮಿನದು. ನೀರು ಹೆಚ್ಚಾದ ಹಾಲಿನಂಥ ಚಿತ್ರ ಬಂತು. "ಹೇಗಿದೆ?" ಎಂದು ಮೇಲಿನ ಕಿಂಡಿಯಿಂದ ಚಿಕ್ಕಪ್ಪ ಕೇಳಿದರು. "ಕಾಣತ್ತೆ, ಸ್ವಲ್ಪ ಮಬ್ಬು" ಅಂದರು ಚಿಕ್ಕಮ್ಮ. ಚಿಕ್ಕಪ್ಪನಿಗೆ ಹಿಗ್ಗೋ ಹಿಗ್ಗು. ಬಾಡಿಗೆ ಅಂಗಡಿಯವರು ತಂದ ಎರಡನೆಯದಕ್ಕೆ ಚಿಕ್ಕಮ್ಮ "ಪರವಾಗಿಲ್ಲ" ಎಂದರು.

ಮೂರನೆಯದು ಇಬ್ಬರು ಹೊತ್ತು ತರುವಷ್ಟು ದೊಡ್ಡದು. ಹೊಸ ಯಂತ್ರ ಯಾವುದೇ ಬಂದರೂ ಚಿಕ್ಕಪ್ಪನದು ಒಂದು ಪದ್ಧತಿ. ಬೆಳಕಿಗೆ ಅಡ್ಡ ಬರುವ ಶಟರನ್ನು ಮುಚ್ಚಿಟ್ಟು ಮೊದಲು ಬರೀ ಸದ್ದು ಬಿಡುತ್ತಿದ್ದರು. ಸ್ಪೀಕರುಗಳೆಲ್ಲ ಸರಿಯಾಗಿವೆ ಎಂದು ಕಿವಿಗೆ ಒಪ್ಪಿಗೆಯಾದ ಮೇಲೆಯೇ ಶಟರ್ ತೆರೆಯುವುದು. ಆ ದಿನವೂ ಹಾಗೆಯೇ ಮಾಡಿದರು. ಯಾರೋ ಹೆಂಗಸು ಮಗುವನ್ನು ಕರೆಯುವ ದನಿ ಸಭಾಂಗಣವನ್ನು ತುಂಬಿತು. ಪರದೆ ಮಾತ್ರ ಕಪ್ಪಗಿತ್ತು.

"ಇದು ನೋಡಿ ರೀ," ಅಂದರು ಚಿಕ್ಕಮ್ಮ. "ಇದು ಚೆನ್ನಾಗಿದೆ. ಆ ಹೆಂಗಸಿನ ಮುಖ ಎಲ್ಲಾ ಸ್ಪಷ್ಟವಾಗಿ ಕಾಣ್ತಿದೆ."

ನಾನು ತಿರುಗಿ ನೋಡಿದೆ. ಕಿಂಡಿಯಲ್ಲಿ ಚಿಕ್ಕಪ್ಪನ ತಲೆ ಅಲ್ಲಾಡದೆ ನಿಂತಿತ್ತು. ಸುಮಾರು ಹೊತ್ತಾದ ಮೇಲೆ ಶಟರ್ ತೆರೆಯಿತು, ಹಗಲಿನಂಥ ಬೆಳಕು ಪರದೆಗೆ ಬಿತ್ತು. ಚಿಕ್ಕಮ್ಮನ ರೆಪ್ಪೆ ಕೂಡ ಮಿಸುಕಲಿಲ್ಲ.

"ಇದೇ ಇರಲಿ ಅಲ್ವಾ?" ಎಂದು ಕೇಳಿದರು.

"ಆಯ್ತು, ಇದೇ ಇರಲಿ" ಅಂದರು ಚಿಕ್ಕಪ್ಪ.

ಆಮೇಲೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ, "ಅವಳ ಹತ್ರ ಏನೂ ಆಡಬೇಡ. ನನ್ನ ಮನಸ್ಸಿಗೆ ನೋವಾಗಬಾರ್ದು ಅಂತ ಕಣ್ಣು ಕಾಣೋ ಹಾಗೆ ಆಡ್ತಿದ್ದಾಳೆ" ಅಂದರು. ನನಗೆ ಅಳುವೂ ಬಂತು, ಇಬ್ಬರ ಮೇಲೂ ಕೆಟ್ಟ ಕೋಪವೂ ಬಂತು. ಅಷ್ಟಾದರೂ ಚಿಕ್ಕಪ್ಪ ಆ ದೊಡ್ಡ ಯಂತ್ರಕ್ಕಾಗಿ ಕಾರ್ಯದರ್ಶಿಯ ಜೊತೆ ಮುಂಚಿಗಿಂತ ಜೋರಾಗಿ ಜಗಳ ಆಡಿ ಗೆದ್ದರು. ಸಣ್ಣದಕ್ಕೆ ಒಪ್ಪಿಕೊಂಡಿದ್ದರೆ ಯಾಕೆ ಅಂತ ಚಿಕ್ಕಮ್ಮ ಕೇಳುತ್ತಿದ್ದರಲ್ಲ.

ಪ್ರದರ್ಶನದ ದಿನ ಬೆಳಿಗ್ಗೆಯಷ್ಟೇ ಸಿನಿಮಾದ ಪ್ರತಿ ಬಂತು. ಮುಗಿದ ಕೂಡಲೇ ವಾಪಸು ಕಳಿಸಬೇಕಿತ್ತು. ಚಿಕ್ಕಪ್ಪ ಯಂತ್ರವನ್ನು ಬಾಡಿಗೆಯವರ ಕೈಗೆ ಒಪ್ಪಿಸಿ ಕೆಳಗೆ ಬಂದು ಹೆಂಡತಿಯ ಪಕ್ಕದಲ್ಲಿ ಕೂತರು. ಅವರು ಹಾಗೆ ಕೂತು ಸಿನಿಮಾ ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಭಾಂಗಣ ಕಿಕ್ಕಿರಿದಿತ್ತು. ಕಾರ್ಯದರ್ಶಿಯೇ ಬಗ್ಗಿ ಬಂದು, "ಬೆಳಕು ಅಂದ್ರೆ ಇದು ಮೇಷ್ಟ್ರೇ" ಎಂದು ಪಿಸುಗುಟ್ಟಿ ಹೋದರು.

ಸಿನಿಮಾದಲ್ಲಿ ಚಿಕ್ಕಮ್ಮನ ಬೀದಿ ಬಂತು. ಸದ್ದೆಲ್ಲ ನಿಂತಿತು. ಮಹಡಿಯ ಕಟಕಟೆಯ ಹಿಂದೆ ಚಿಕ್ಕಮ್ಮ ಬಂದರು, ಹೆಗಲ ತುಂಬ ಒದ್ದೆ ಬಟ್ಟೆ. ಪಕ್ಕದಲ್ಲಿ ಈ ಚಿಕ್ಕಮ್ಮ ಕಣ್ಣರಳಿಸಿಕೊಂಡು ಕಾಯುತ್ತಿದ್ದರು. ಚಿಕ್ಕಪ್ಪ ಅವರ ಕಡೆ ತಿರುಗಿ ಬಾಯಿ ತೆರೆದರು. 'ಈಗ ನೀನು ಬಂದೆ, ನೋಡು' ಅಂದರೆ, ನಿನಗೆ ಕಾಣುವುದಿಲ್ಲವೆಂದು ನನಗೆ ಗೊತ್ತು ಅಂದ ಹಾಗೆ. ಅನ್ನದಿದ್ದರೆ ಚಿಕ್ಕಮ್ಮನಿಗೆ ತಿಳಿಯದೆಯೇ ಆ ದೃಶ್ಯ ಕಳೆದುಹೋಗುತ್ತದೆ. ಬಾಯಿ ಹಾಗೇ ಮುಚ್ಚಿಕೊಂಡಿತು. ಒಂದು ಸೀರೆ ಹರವುವಷ್ಟರಲ್ಲಿ ಎಲ್ಲ ಮುಗಿದು, ಪರದೆಯ ಮೇಲೆ ಬೇರೆ ಬೀದಿ ಬಂದಿತ್ತು.

ಎಷ್ಟೋ ಹೊತ್ತಿನ ಮೇಲೆ ನೀರು ಎರಚುವ ಸದ್ದು, ಬಟ್ಟೆ ಹಿಂಡುವ ಸದ್ದು ಕೇಳಿತು. ಪರದೆಯಲ್ಲಿ ಒಬ್ಬ ಡ್ರೈವರ್ ಲಾರಿ ತೊಳೆಯುತ್ತಿದ್ದ. ಚಿಕ್ಕಮ್ಮ ಗಂಡನ ಕೈ ಗಟ್ಟಿಯಾಗಿ ಹಿಡಿದರು.

"ರೀ, ನೋಡಿ. ನಾನೇ."

"ಹೌದು, ನೀನೇ."

"ಚೆನ್ನಾಗಿದ್ದೆ ಅಲ್ವಾ?"

"ತುಂಬಾ ಚೆನ್ನಾಗಿದ್ದೆ."

ಜನವೆಲ್ಲ ಹೋದ ಮೇಲೆ ಚಿಕ್ಕಮ್ಮ ಹೊರಗಿನ ಬೆಂಚಿನ ಮೇಲೆ ನಗುಮುಖದಿಂದ ಕೂತಿದ್ದರು. ಚಿಕ್ಕಪ್ಪ ಮೇಲೆ ವೈರು ಸುತ್ತುತ್ತಿದ್ದರು. ಅಷ್ಟರಲ್ಲಿ ಸಿನಿಮಾ ಡಬ್ಬಿ ಸೇರಿ ಹೊರಟೂ ಹೋಗಿತ್ತು. ನಾನು ಮೇಲಿನ ಕೋಣೆಗೆ ಹೋದಾಗ ತಲೆ ಎತ್ತದೆ, ಮೆಲ್ಲಗೆ ಕೇಳಿದರು.

"ನೀನು ನೋಡಿದ್ಯಲ್ಲ. ಹೇಗಿದ್ಳು?"

ಮಹಡಿಯ ದೃಶ್ಯ ಬಂದಾಗ ಅವರು ಪರದೆ ಬಿಟ್ಟು ಹೆಂಡತಿಯ ಮುಖವನ್ನೇ ನೋಡುತ್ತಾ ಕೂತಿದ್ದು ನನಗೆ ನೆನಪಾಯಿತು.

"ಕ್ಯಾಮೆರಾ ಕಂಡು ನಗು ಬಂತು ಅವರಿಗೆ," ಅಂದೆ. "ಒದ್ದೆ ಟವೆಲ್ಲಿಂದ ಬಾಯಿ ಮುಚ್ಕೊಂಡ್ರು."

"ಹಾಗಾ," ಅಂದರು ಚಿಕ್ಕಪ್ಪ. ಸುತ್ತಿದ ವೈರನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದರು.