ಕಾಲಿಗೆ ಕೊಟ್ಟ ನೀರು

ಪಾಲಿಶ್ ಮಶೀನು ತಿರುಗತೊಡಗಿದ್ದೇ ತಡ, ಒದ್ದೆ ಕಲ್ಲುಪುಡಿಯ ವಾಸನೆ ಮೂಗಿಗೆ ಬಡಿಯಿತು. ನಮ್ಮ ಅಂಗಳಕ್ಕೆ ನೆಲಹಾಸಿಗೆಂದು ಹೊಸ ಪರಸಿಕಲ್ಲು ಹಾಕಿಸಿದ್ದೆ. ಆ ವಾಸನೆಗೆ ನೆನಪಾದವರು ಪಕ್ಕದ ಮನೆಯ ಕಾಕಾ...

ಕಾಕಾ ಬೆಂಗಳೂರಿನಲ್ಲಿ ವಿಮಾನದ ಕಚೇರಿಯಲ್ಲಿದ್ದವರು. ಮಳೆಗೆ ತೊಯ್ದ ರನ್‌ವೇ ಮೇಲೆ ಇಳಿದ ವಿಮಾನ, ಬ್ರೇಕ್ ಹಾಕಿದ ಮೇಲೆ ಎಷ್ಟು ದೂರ ಓಡಿ ನಿಲ್ಲುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳುವುದು ಅವರ ಕೆಲಸ. ನಿವೃತ್ತರಾಗಿ ಶಹಾಬಾದಿಗೆ ಬಂದವರೇ ಅಂಗಳದ ಪರಸಿಗೆಲ್ಲ ಉಳಿಯಿಂದ ಸಣ್ಣ ಗೆರೆ ಹೊಡೆಸಿದರು. ಓಣಿಯವರು ನಕ್ಕಿದ್ದೇ ನಕ್ಕಿದ್ದು. “ಇಲ್ಲೇನು ವಿಮಾನ ಇಳೀತದೇನ್ರಿ?”

“ರನ್‌ವೇದಾಗೂ ಹಿಂಗೇ ಗೆರಿ ಹೊಡದಿರ್ತಾರ. ನೀರು ಹರದು ಹೋಗಬೇಕು. ನಿಂತ್ರ ಗಾಲಿ ನೀರಿನ ಮ್ಯಾಲೇ ತೇಲ್ತದ, ಬ್ರೇಕ್ ಮಾತೇ ಕೇಳಂಗಿಲ್ಲ,” ಎನ್ನುತ್ತಿದ್ದರು ಕಾಕಾ.

ಮಗಳ ನಿಶ್ಚಯಕ್ಕೆ ಸೇಡಂನಿಂದ ಬೀಗರು ಬರುವವರಿದ್ದರು. ಗೆರೆ ಹೊಡೆದ ಅಂಗಳ ದನದ ಕೊಟ್ಟಿಗೆಯ ಹಾಗೆ ಕಾಣುತ್ತದೆಂದು ಅವರ ಹೆಂಡತಿ, ನಮ್ಮ ಕಾಕು, ಹಟ ಹಿಡಿದರು. ಪಾಲಿಶ್ ಮಾಡಿಸಿದ್ದಾಯಿತು. ಗೆರೆಗಳೆಲ್ಲ ಅಳಿಸಿಹೋಗಿ ಕಲ್ಲು ಕನ್ನಡಿಯಾಯಿತು. “ಹೋಗ್ಲಿ ಬಿಡು, ಇಲ್ಲೇನು ವಿಮಾನ ಇಳೀತದ?” ಎಂದು ಕಾಕಾ ತಾವೇ ನಕ್ಕರು.

ಬೀಗರು ಬಂದರು. ಬಂದವರ ಕಾಲಿಗೆ ನೀರು ಕೊಡದೆ ಒಳಗೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಕಾಕಾ ತಾವೇ ತಂಬಿಗೆ ಹಿಡಿದು ನಿಂತರು. ಕಾಲು ತೊಳೆದ ನೀರು ಪರಸಿಯ ಮೇಲೆಲ್ಲ ಹರಡಿತು. “ಬರ್ರಿ, ಒಳಗ ಬರ್ರಿ, ಕುಂದ್ರಿ,” ಎನ್ನುತ್ತ ಅವಸರದಲ್ಲಿ ತಿರುಗಿದರು... ತಂಬಿಗೆ ಉರುಳಿದ ಸದ್ದು. ಅಲ್ಲೇ ನಿಂತಿದ್ದ ನಾನು ನೋಡಿದರೆ ಅವರ ತಲೆ ಹೊಸ್ತಿಲಿಗೆ ಬಡಿದಿತ್ತು. ಹೂ ಮುಡಿದ ಮಗಳು “ಅಪ್ಪಾ, ಏಳ್ರಿ” ಎನ್ನುತ್ತಲೇ ಇದ್ದಳು. ಅವರು ಏಳಲಿಲ್ಲ.

ಹಣೆಬರಹ ಎಂದರು ಜನ. ಆ ಮಾತಿಗೆ ನನಗೆ ಇಂದಿಗೂ ಮೈ ಉರಿಯುತ್ತದೆ. ಯಾರ್ಯಾರದೋ ವಿಮಾನ ನೆಟ್ಟಗೆ ನಿಲ್ಲಲೆಂದು ಜೀವ ತೇಯ್ದ ಮನುಷ್ಯ, ಸ್ವಂತ ಅಂಗಳದಲ್ಲಿ ಒಂದು ತಂಬಿಗೆ ನೀರಿಗೆ ಹೋಗಿಬಿಡುವುದೆಂದರೆ? ನಾನು ಕಣ್ಣಾರೆ ಕಂಡಿದ್ದೇನೆ, ಆದರೂ ನಂಬಲಾಗಿಲ್ಲ.

ಇಂದು ಕೂಗಿ ಮಶೀನು ನಿಲ್ಲಿಸಿದೆ. ಪರಸಿಗೆ ಉಳಿಯಿಂದ ಗೆರೆ ಹೊಡೆದುಕೊಡು ಎಂದೆ. ಮೇಸ್ತ್ರಿ ಬೆವರು ಒರೆಸಿಕೊಂಡು ನಕ್ಕ.

“ಯಾಕ್ರಿ ಸಾವ್ಕಾರ್ರ, ಇಲ್ಲೇನು ವಿಮಾನ ಇಳಸ್ತೀರೇನು?”

ಇದಕ್ಕೆ ಉತ್ತರ ಹೇಳಬೇಕಾದವರು ಈಗಿಲ್ಲ. ಗೋಡೆಯಾಚೆಯ ಅಂಗಳದಲ್ಲಿ ಕಾಕು ಆ ಹೊಳೆಯುವ ಪರಸಿಯ ಮೇಲೆ ಗೋಣಿತಟ್ಟು ಹಾಸಿಟ್ಟಿದ್ದಾರೆ. ಬಂದವರ ಕಾಲಿಗೆ ಈಗಲೂ ನೀರು ಕೊಡುತ್ತಾರೆ, ಬೀದಿಯಲ್ಲಿ ನಿಲ್ಲಿಸಿ.