ಹೆಸರಿಲ್ಲದ ಫ್ರೇಮಿಗೆ ಮಾವನ ಸ್ಟಿಕ್ಕರ್

ಚೀನಾದಿಂದ ತರಿಸಿದ ನನ್ನ ಸೈಕಲ್ಲಿನ ಕಾರ್ಬನ್ ಫ್ರೇಮು ಅಗ್ಗದ್ದು. ಅದರ ಮೇಲೆ ಕಂಪನಿಯ ಹೆಸರೇ ಇರಲಿಲ್ಲ. ಖರಾಡಿಯ ನಮ್ಮ ಸೈಕಲ್ ಗುಂಪಿನವರಿಗೋ, ಸವಾರನಿಗಿಂತ ಮೊದಲು ಫ್ರೇಮಿನ ಹೆಸರಿಗೆ ನಮಸ್ಕಾರ ಹಾಕುವ ಚಾಳಿ. ಪಿಂಪ್ರಿಯಲ್ಲಿ ಹೋಟೆಲ್ ಇಟ್ಟಿರುವ ನನ್ನ ಮಾವ, "ಬೋಳು ಕಾಣ್ತದೆ ಮಾರಾಯ, ನಮ್ಮದೇ ಇರ್ಲಿ" ಎಂದು ಇಡ್ಲಿ ಪಾರ್ಸೆಲ್ಲಿಗೆ ಹಚ್ಚುವ ಹೋಟೆಲ್ ಹೆಸರಿನ ಸ್ಟಿಕ್ಕರನ್ನು ಅದಕ್ಕೆ ಅಂಟಿಸಿಬಿಟ್ಟರು.

ಭಾನುವಾರ ಗುಂಪಿನ ಮಹಾಪಂಡಿತರೊಬ್ಬರು, ಧಾರವಾಡದ ಕಡೆಯವರು, ಬಗ್ಗಿ ಸ್ಟಿಕ್ಕರ್ ಓದಿ ತಲೆದೂಗಿದರು. "ಈ ಕಂಪನಿ ನನಗ ಗೊತ್ತದ ರೀ. ಭಾಳ ಛಲೋ ಮಾಲು."

ಸವಾರಿ ಮುಗಿಸಿ ಎಲ್ಲರನ್ನೂ ಮಾವನ ಹೋಟೆಲಿಗೇ ಕರೆದೊಯ್ದೆ. ಪಂಡಿತರು ಬೋರ್ಡು ಓದಿದರು, ನನ್ನ ಸೈಕಲ್ಲು ನೋಡಿದರು. ಸಿಕ್ಕಿಬಿದ್ದರು ಎಂದುಕೊಂಡೆ.

"ಅರೆ, ಇವ್ರು ಹೋಟೆಲ್ಲೂ ನಡಸ್ತಾರೇನ್ರಿ?"