ಇಲಿಗಳು ನಂಬಿದ ಕೈ

ನನ್ನ ಓರಗೆಯವರೆಲ್ಲ ಸಾಫ್ಟ್‌ವೇರ್ ಕಂಪನಿ ಸೇರುತ್ತಿದ್ದ ವರ್ಷಗಳಲ್ಲಿ ನಾನು ಕೋಲ್ಕತ್ತದ ಪ್ರಯೋಗಾಲಯವೊಂದರಲ್ಲಿ ಸಕ್ಕರೆ ಕಾಯಿಲೆಯ ಇಲಿಗಳಿಗೆ ನೇರಳೆ ಬೀಜದ ಸಾರ ಕುಡಿಸುತ್ತಿದ್ದೆ. ಅವುಗಳನ್ನು ನೋಡಿಕೊಳ್ಳುತ್ತಿದ್ದವರು ನಗರದಂಚಿನ ಬೆಹಾಲಾದಿಂದ ಬರುತ್ತಿದ್ದ ಒಬ್ಬ ಹಿರಿಯರು. ಪಂಜರದೊಳಗೆ ಕೈಯಿಟ್ಟು ಸುಮ್ಮನೆ ಕಾಯುವರು. ಇಲಿ ತಾನಾಗಿ ಅಂಗೈ ಹತ್ತುತ್ತಿತ್ತು. ನನ್ನನ್ನು ಮಾತ್ರ ಕಚ್ಚುತ್ತಿತ್ತು. "ಏಕ್‌ಟು ದಾಂಡಾನ್ ದಿದಿ", ಸ್ವಲ್ಪ ತಾಳಿ ಅಕ್ಕ, ಎನ್ನುವರು ಬಂಗಾಳಿಯಲ್ಲಿ, ದಿನವೂ. ಆ ಮಾತು ಕೇಳಿದರೇ ನನಗೆ ಮೈ ಉರಿಯುತ್ತಿತ್ತು.

ರಕ್ತ ಪರೀಕ್ಷೆಗೆ ಇಲಿಗಳನ್ನು ನಾನೇ ಹಿಡಿಯುತ್ತಿದ್ದೆ; ಎರಡು ತಿಂಗಳಾದರೂ ಅವುಗಳ ಸಕ್ಕರೆ ಇಳಿಯಲಿಲ್ಲ. ಒಂದು ದಿನ ನಮ್ಮ ಗೈಡ್ ಅವೇ ಇಲಿಗಳನ್ನು ಆ ಹಿರಿಯರಿಂದ ಹಿಡಿಸಿ, ಬಾಲದ ತುದಿಯಿಂದ ರಕ್ತ ತೆಗೆದು ನೋಡಿದರು. ಸಕ್ಕರೆ ಕಡಿಮೆಯಿತ್ತು.

"ನಿನ್ನ ಕೈಯಲ್ಲಿ ಅವು ಹೆದರುತ್ತವೆ. ಹೆದರಿದರೆ ಸಕ್ಕರೆ ಏರುತ್ತೆ. ಇನ್ನು ಎಲ್ಲ ಇಲಿಗಳನ್ನೂ ಇವರೇ ಹಿಡೀಲಿ, ಮೊದಲಿಂದ ಶುರು ಮಾಡು" ಎಂದರು.

ಈ ಸಲ ಸಾರ ಕುಡಿದ ಇಲಿಗಳಲ್ಲಿ ಮಾತ್ರ ಸಕ್ಕರೆ ಇಳಿಯಿತು. ನನ್ನ ಪ್ರಬಂಧ ಮುಗಿಯಿತು. ಕೃತಜ್ಞತೆಯ ಪುಟದಲ್ಲಿ ಕ್ಯಾಂಟೀನಿನವನ ಹೆಸರೂ ಇತ್ತು. ಆ ಹಿರಿಯರದನ್ನು ಬೇಕೆಂದೇ ಬಿಟ್ಟಿದ್ದೆ.

ಇಂಗ್ಲಿಷ್ ಬಾರದ ಅವರು ಪ್ರಬಂಧದ ಪ್ರತಿಯನ್ನು ಕೈಗೆತ್ತಿಕೊಂಡು ಪುಟ ತಿರುಗಿಸಿ, ಗ್ರಾಫಿನ ಇಳಿಯುವ ಗೆರೆಯ ಮೇಲೆ ಬೆರಳಿಟ್ಟು ಕೇಳಿದರು: "ದಿದಿ, ಇವು ನಮ್ಮ ಇಲಿಗಳಾ?"

"ಹೌದು, ನಮ್ಮವೇ" ಎಂದೆ. ಆಗಲೂ ನಾಲಿಗೆಯ ತುದಿಯಲ್ಲಿದ್ದದ್ದು 'ನನ್ನವು' ಎಂಬ ಮಾತು.